ಊರಹಬ್ಬದ ನಾಟಕವೂ ವಿದ್ಯುಚ್ಛಕ್ತಿಯ ಲೆಕ್ಕವೂ

ಹಳೆಯ ಮೈಸೂರು ಸೀಮೆಯ ಗ್ರಾಮಗಳಲ್ಲಿ ಸುಗ್ಗಿಯು ಮುಗಿದು ಕಣವು ಬರಿದಾಯಿತೆಂದರೆ ನಾಟಕದ ಕಾಲವು ಬಂದಿತೆಂದೇ ಅರ್ಥ. ತುಮಕೂರು, ಮಂಡ್ಯ, ಹಾಸನದ ಕಡೆಗಳಲ್ಲಿ ‘ಕುರುಕ್ಷೇತ್ರ’ವನ್ನು ಒಮ್ಮೆಯೂ ಆಡದ ಊರುಗಳು ವಿರಳ. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಮುಂಚಿತವಾಗಿ ಬಂದು, ಹಗಲೆಲ್ಲ ಹೊಲಗದ್ದೆಗಳಲ್ಲಿ ದಣಿದ ತರುಣರಿಗೆ ಕಂದ ವೃತ್ತಗಳನ್ನು ಬಾಯಿಪಾಠ ಮಾಡಿಸುವರು. ಕಿರೀಟ, ಭುಜಕೀರ್ತಿ, ಗದೆಗಳಿಗೆ ಮುಂಗಡವು ಸಲ್ಲುವುದು, ಸೀನರಿಯವರಿಗೂ ಸಲ್ಲುವುದು. ಕರಪತ್ರದಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ವ್ಯಾಜ್ಯವೂ ಅರಳಿಕಟ್ಟೆಯಲ್ಲಿ ಇತ್ಯರ್ಥವಾಗುವುದು. ಆದರೆ ಈ ಸಂಭ್ರಮವನ್ನೆಲ್ಲ ಜನರ ಕಣ್ಣಿಗೂ ಕಿವಿಗೂ ಮುಟ್ಟಿಸತಕ್ಕ ವಿದ್ಯುಚ್ಛಕ್ತಿಯು ಎಷ್ಟು ಬೇಕು, ಎಲ್ಲಿಂದ ಬರಬೇಕು, ಎಂತಹ ತಂತಿಯಲ್ಲಿ ಬರಬೇಕು ಎಂಬುದನ್ನು ಮಾತ್ರ ನಾಟಕದ ದಿನ ಸೂರ್ಯಾಸ್ತವಾಗುವವರೆಗೂ ಯಾರೂ ಯೋಚಿಸುವುದಿಲ್ಲ. “ಅದನ್ನು ಲೈಟಿಂಗ್ಸ್‌ನವರು ನೋಡಿಕೊಳ್ಳುತ್ತಾರೆ” ಎಂಬುದೊಂದೇ ಉತ್ತರ.

ಲೈಟಿಂಗ್ಸ್‌ನವರು ನೋಡಿಕೊಳ್ಳುವ ಬಗೆಯನ್ನು ನಾವು ಅನೇಕ ಊರುಗಳಲ್ಲಿ ಕಂಡಿದ್ದೇವೆ. ಒಂದು ಗ್ರಾಮದಲ್ಲಿ ದುರ್ಯೋಧನನು ಸರೋವರದಲ್ಲಿ ಅಡಗಿಕೊಳ್ಳುವ ದೃಶ್ಯವು ನಡೆಯುತ್ತಿತ್ತು. ಭೀಮನು ದಡದಲ್ಲಿ ನಿಂತು ಗರ್ಜಿಸಲು ಬಾಯಿ ತೆರೆದನು. ಅಷ್ಟರಲ್ಲಿಯೇ ರಂಗವೆಲ್ಲವೂ ಕತ್ತಲಾಯಿತು. ಕೌರವನು ನೀರಿನಲ್ಲಿ ಮುಳುಗಿದುದನ್ನು ತೋರಿಸಲು ಮಾಡಿದ ಯುಕ್ತಿಯಿದೆಂದು ತಿಳಿದು ಜನರು ಚಪ್ಪಾಳೆ ತಟ್ಟಿದರು. ಚಪ್ಪಾಳೆಯು ನಿಂತಿತು, ಕತ್ತಲೆಯು ನಿಲ್ಲಲಿಲ್ಲ. ವಿಚಾರಿಸಲಾಗಿ, ರಂಗದ ಪಕ್ಕದಲ್ಲಿ ಟೀ ಮಾರುತ್ತಿದ್ದವನು ನೀರು ಕಾಯಿಸುವ ಕಾಯಿಲನ್ನು ರಂಗದ ತಂತಿಗೇ ಸೇರಿಸಿದ್ದನೆಂದು ತಿಳಿದುಬಂದಿತು. ಅಷ್ಟರಲ್ಲಿ ಒಬ್ಬ ಹುಡುಗನು ಉದ್ದನೆಯ ಬಿದಿರು ಗಳುವನ್ನೂ ಎರಡು ತಂತಿಯ ಕೊಕ್ಕೆಗಳನ್ನೂ ಹಿಡಿದುಕೊಂಡು ಬೀದಿಯ ಕಂಬದ ಕಡೆಗೆ ಓಡುತ್ತಿದ್ದನು.

“ಎಲ್ಲಿಗಪ್ಪಾ?” ಎಂದೆವು.

“ಕಂಬಕ್ಕೆ ಕೊಕ್ಕೆ ಹಾಕ್ತೀನಿ ಮೇಷ್ಟ್ರೇ, ಐದು ನಿಮಿಷದ ಕೆಲಸ” ಎಂದನು.

ಅವನ ತಂದೆಯೇ ಅಡ್ಡ ಬಂದು ಗಳುವನ್ನು ಕಸಿದುಕೊಂಡುದರಿಂದ ಆ ರಾತ್ರಿ ಹುಡುಗನು ಉಳಿದನು. ಬರಿಗಾಲು, ಇಬ್ಬನಿಯಿಂದ ತೊಯ್ದ ನೆಲ, ಕೈಯಲ್ಲಿ ಹಸಿ ಬಿದಿರು: ಇವು ಮೂರೂ ಕೂಡಿದಾಗ ಐದು ನಿಮಿಷವೂ ಬೇಕಾಗುವುದಿಲ್ಲ. ಕಂಬದಿಂದ ಹಾಗೆ ವಿದ್ಯುತ್ತನ್ನು ಎಳೆದುಕೊಳ್ಳುವುದು 2003ನೆಯ ಇಸವಿಯ ವಿದ್ಯುಚ್ಛಕ್ತಿ ಕಾಯಿದೆಯ 135ನೆಯ ಕಲಮಿನಂತೆ ಕಳವೆಂಬುದು ಬೇರೆ ಮಾತು.

ಮುಂಚಿತವಾಗಿ ಒಂದು ಕಾಗದ, ಒಂದು ಪೆನ್ಸಿಲು ಹಿಡಿದು ಅರ್ಧ ಗಂಟೆ ಕುಳಿತಿದ್ದರೆ ಈ ಗಳುವಿನ ಪ್ರಸಂಗವೇ ಇರುತ್ತಿರಲಿಲ್ಲ. ಮದುವೆಗೆ ಅಕ್ಕಿಬೇಳೆಗಳ ಪಟ್ಟಿಯನ್ನು ಬರೆಯಬಲ್ಲ ಗೃಹಸ್ಥನು ಈ ಪಟ್ಟಿಯನ್ನೂ ಬರೆಯಬಲ್ಲನು. ಮೂರು ಶಬ್ದಗಳನ್ನು ಮಾತ್ರ ತಿಳಿದಿರತಕ್ಕದ್ದು. ಎತ್ತರದ ತೊಟ್ಟಿಯಲ್ಲಿ ನೀರಿದೆಯೆಂದು ಭಾವಿಸಿರಿ. ತೊಟ್ಟಿಯ ಎತ್ತರದಿಂದ ಉಂಟಾಗುವ ಒತ್ತಡದಂತಿರುವುದು ವೋಲ್ಟು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟು. ಕೊಳವೆಯಲ್ಲಿ ಹರಿಯುವ ನೀರಿನ ಪ್ರಮಾಣದಂತಿರುವುದು ಆಂಪಿಯರು. ಇವೆರಡನ್ನೂ ಗುಣಿಸಿದರೆ ಬರುವ ಕೆಲಸದ ಬಲವೇ ವಾಟು. ಸಾವಿರ ವಾಟಿಗೆ ಒಂದು ಕಿಲೋವಾಟು. ಒಂದು ಕಿಲೋವಾಟು ಒಂದು ಗಂಟೆ ಉರಿದರೆ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ಟು. ವಿದ್ಯುತ್ತೆಂಬ ಶಬ್ದವು ‘ದ್ಯುತ್’ ಎಂಬ ಧಾತುವಿನಿಂದ ಬಂದುದು. ವಿಶೇಷವಾಗಿ ಹೊಳೆಯತಕ್ಕದ್ದೆಂದು ಅರ್ಥ. ಹೊಳೆಯುವ ಗುಣವನ್ನು ನಮ್ಮ ಪೂರ್ವಿಕರು ಹೆಸರಿನಲ್ಲಿಯೇ ಇಟ್ಟರು. ಅಳೆಯುವ ಕೆಲಸವನ್ನು ನಮಗೆ ಬಿಟ್ಟರು.

ಸಣ್ಣ ದೀಪವೆಂದು ಅಸಡ್ಡೆ ಮಾಡಲಾಗದು. ಮೈಸೂರಿನ ಅರಮನೆಯ ದೀಪಾಲಂಕಾರವನ್ನು ನೋಡದ ಕನ್ನಡಿಗರು ಕಡಿಮೆ. ಅಲ್ಲಿರುವ ಬಲ್ಬುಗಳ ಸಂಖ್ಯೆಯು ಲಕ್ಷಕ್ಕೆ ಸಮೀಪವಾದುದು. ಒಂದೊಂದಕ್ಕೆ ಬರಿಯ 15 ವಾಟೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೂ ಒಟ್ಟು 15 ಲಕ್ಷ ವಾಟು, ಅಂದರೆ 1500 ಕಿಲೋವಾಟಾಗುವುದು. ಹನಿಗೂಡಿ ಹಳ್ಳವಾಗುವುದೆಂದರೆ ಇದೇ.

ಈಗ ನಮ್ಮ ನಾಟಕದ ಪಟ್ಟಿಗೆ ಬರೋಣ. ಸಾವಿರ ಜನರು ಕುಳಿತುಕೊಳ್ಳುವ ಬಯಲು, ಮೂವತ್ತು ಅಡಿ ಅಗಲದ ರಂಗ ಎಂದಿಟ್ಟುಕೊಳ್ಳುವ. ರಂಗದ ಮೇಲೆ ಬಣ್ಣ ಬಣ್ಣದ ಎಲ್.ಇ.ಡಿ. ದೀಪಗಳು ಹನ್ನೆರಡು, ಒಂದೊಂದಕ್ಕೆ 150 ವಾಟಿನಂತೆ 1800. ಪಾತ್ರಧಾರಿಗಳ ಮುಖದ ಮೇಲೆ ಎದುರಿನಿಂದ ಬೀಳುವ ಬಿಳಿಯ ಫ್ಲಡ್‌ಲೈಟುಗಳು ನಾಲ್ಕು. ನೂರು ವಾಟಿನಂತೆ 400. ಜನರು ಕುಳಿತ ಸ್ಥಳಕ್ಕೆ ಅಂತಹವೇ ಆರು, 600. ಊರಿನಿಂದ ಬಯಲಿಗೆ ಬರುವ ದಾರಿಯಲ್ಲಿ 20 ವಾಟಿನ ಟ್ಯೂಬುಗಳು ನಲವತ್ತು, 800. ಸೀರಿಯಲ್ ಸೆಟ್ಟುಗಳಿಗೆ 300. ವೇಷ ಕಟ್ಟುವ ಚಪ್ಪರದಲ್ಲಿಯೂ ರಂಗದ ಪಕ್ಕಗಳಲ್ಲಿಯೂ ನಾಲ್ಕು ಫ್ಯಾನುಗಳು, 400. ಧ್ವನಿವರ್ಧಕಕ್ಕೆ 1000; ಅದು ಹೇಗೆಂಬುದನ್ನು ಮುಂದೆ ಹೇಳುತ್ತೇವೆ. ಮಿಕ್ಸರು ಮೊದಲಾದ ಚಿಲ್ಲರೆಗೆ 200. ಇಷ್ಟಕ್ಕೆ 5500 ವಾಟಾಯಿತು. ಇದರ ಮೇಲೆ, ಕರೆಯದೆ ಬರುವ ಅತಿಥಿಗಳಿರುವರು: ಟೀ ಅಂಗಡಿ, ಪುರಿಖಾರದ ಗಾಡಿ, ಐಸ್‌ಕ್ರೀಮಿನ ಪೆಟ್ಟಿಗೆ, ಮೊಬೈಲ್ ಫೋನಿಗೆ ಚಾರ್ಜು ಹಾಕುವವರು. ಇವರನ್ನು ಬೈದು ಓಡಿಸುವ ಸಮಿತಿಯನ್ನು ನಾವು ಕಂಡಿಲ್ಲ. ಆದುದರಿಂದ ಮೊದಲೇ ಅವರ ಪಾಲೆಂದು 1000 ವಾಟನ್ನು ಬರೆದಿಟ್ಟು, ಕಾಯಿಲು, ಕೆಟಲುಗಳನ್ನು ಮಾತ್ರ ಖಂಡಿತವಾಗಿ ನಿಷೇಧಿಸತಕ್ಕದ್ದು. ನೀರು ಕಾಯಿಸುವ ಒಂದು ಕಾಯಿಲು 1500 ವಾಟನ್ನು ನುಂಗುವುದುಂಟು. ಅದು ಹದಿನೈದು ಫ್ಲಡ್‌ಲೈಟುಗಳ ಆಹಾರ. ಟೀಯವನಿಗೆ ಗ್ಯಾಸಿನ ಒಲೆಯೇ ಸಾಕು. ಒಟ್ಟು 6500 ವಾಟು.

ಇದೇ ನಾಟಕವನ್ನು ಹ್ಯಾಲೊಜನ್ ದೀಪಗಳಿಂದ ಬೆಳಗಿಸಿದರೆ ಏನಾಗುವುದು? ಮೇಲೆ ಹೇಳಿದ ಹನ್ನೆರಡು, ನಾಲ್ಕು, ಆರು, ಹೀಗೆ ಇಪ್ಪತ್ತೆರಡು ದೀಪಗಳೂ ಐನೂರು ವಾಟಿನವಾದರೆ ಅವಕ್ಕೇ 11,000 ವಾಟು ಬೇಕು. ಒಟ್ಟು ಮೊತ್ತವು 14,700ಕ್ಕೆ ಏರುವುದು. ನೂರು ವಾಟಿನ ಎಲ್.ಇ.ಡಿ. ಫ್ಲಡ್‌ಲೈಟು ಐನೂರು ವಾಟಿನ ಹ್ಯಾಲೊಜನ್ನಿನಷ್ಟೇ ಬೆಳಕನ್ನು ಕೊಡುವುದು. ಹ್ಯಾಲೊಜನ್ನಿನಲ್ಲಿ ಉಳಿದುದೆಲ್ಲವೂ ಶಾಖವಾಗಿ ಅರ್ಜುನನ ಮುಖದ ಬಣ್ಣವನ್ನು ಕರಗಿಸಲು ಉಪಯೋಗವಾಗುವುದು. ಕೆಲವು ಅಂಗಡಿಗಳಲ್ಲಿ ಹಳೆಯ ಹ್ಯಾಲೊಜನ್ನುಗಳನ್ನು ಕಡಮೆ ಬಾಡಿಗೆಗೆ ಕೊಡುವರು. ಬಾಡಿಗೆಯಲ್ಲಿ ಉಳಿದ ಹಣವು ಡೀಸೆಲಿನಲ್ಲಿ ಹೋಗುವುದೆಂಬುದನ್ನು ಸಮಿತಿಯವರು ಗಮನಿಸಬೇಕು.

ಧ್ವನಿಯ ವಿಷಯದಲ್ಲಿ ನಮ್ಮವರಿಗೆ ಇರುವಷ್ಟು ಭ್ರಾಂತಿ ಬೇರೆ ಯಾವುದರಲ್ಲಿಯೂ ಇಲ್ಲ. “ಪಕ್ಕದ ಊರಿನವರು ಎರಡು ಸಾವಿರ ವಾಟು ತರಿಸಿದರು, ನಾವು ನಾಲ್ಕು ಸಾವಿರ ತರಿಸೋಣ” ಎನ್ನುವರು. ವಾಟು ಇಮ್ಮಡಿಯಾದರೆ ಸದ್ದೂ ಇಮ್ಮಡಿಯಾಗುವುದೆಂದು ಅವರ ನಂಬಿಕೆ. ಹಾಗಿಲ್ಲ. ಧ್ವನಿಯ ಅಳತೆಯು ಡೆಸಿಬೆಲ್ಲು. ವಾಟನ್ನು ಇಮ್ಮಡಿ ಮಾಡಿದರೆ ಹೆಚ್ಚುವುದು ಬರಿಯ 3 ಡೆಸಿಬೆಲ್ಲು. ಗಮನವಿಟ್ಟು ಕೇಳಿದವನಿಗೆ ಮಾತ್ರ ತಿಳಿಯುವಷ್ಟು ಭೇದ. ಕಿವಿಗೆ ‘ಎರಡರಷ್ಟಾಯಿತು’ ಎನ್ನಿಸಬೇಕಾದರೆ ಸುಮಾರು ಹತ್ತು ಮಡಿ ವಾಟು ಬೇಕಾಗುವುದು. ಇನ್ನೊಂದು ಕಡೆಯಲ್ಲಿ, ಬಯಲಿನಲ್ಲಿ ದೂರವು ಇಮ್ಮಡಿಯಾದಾಗಲೆಲ್ಲ ಧ್ವನಿಯು 6 ಡೆಸಿಬೆಲ್ಲು ಕುಗ್ಗುವುದು. ಈ ಎರಡು ಸೂತ್ರಗಳಿಂದಲೇ ಲೆಕ್ಕವನ್ನು ಹಾಕಬಹುದು. ಒಂದು ಒಳ್ಳೆಯ ಹಾರ್ನು ಒಂದು ವಾಟಿನಿಂದ ಒಂದು ಮೀಟರು ದೂರದಲ್ಲಿ 105 ಡೆಸಿಬೆಲ್ಲಿನಷ್ಟು ಧ್ವನಿಯನ್ನು ಕೊಡುವುದೆಂದು ಇಟ್ಟುಕೊಳ್ಳಿರಿ. ಹತ್ತು ವಾಟು ಕೊಟ್ಟರೆ 115. ಒಂದು ಮೀಟರಿನಿಂದ 32 ಮೀಟರಿಗೆ ಹೋಗುವಷ್ಟರಲ್ಲಿ ದೂರವು ಐದು ಸಲ ಇಮ್ಮಡಿಯಾಯಿತು. ಐದಾರಲೆ ಮೂವತ್ತು ಕಳೆದರೆ ಉಳಿಯುವುದು 85. ಎದುರೆದುರಾಗಿ ನಿಂತು ಮಾತನಾಡುವವರ ಧ್ವನಿಯು 60ರ ಆಸುಪಾಸಿನಲ್ಲಿರುವುದು. ಅಂದರೆ ಹತ್ತೇ ವಾಟಿನಿಂದ ನೂರು ಅಡಿಗಳಾಚೆಯ ಅಜ್ಜನಿಗೂ ಶಕುನಿಯ ನಗೆಯು ಧಾರಾಳವಾಗಿ ಕೇಳಿಸುವುದು.

ಇಲ್ಲಿ ಭರತಮುನಿಯ ನಾಟ್ಯಶಾಸ್ತ್ರವು ನೆನಪಿಗೆ ಬರುತ್ತದೆ. ಅದರ ಎರಡನೆಯ ಅಧ್ಯಾಯದಲ್ಲಿ ನಾಟ್ಯಗೃಹದ ಅಳತೆಗಳನ್ನು ಹೇಳುವಾಗ, ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಪ್ರಮಾಣವೇ ಯೋಗ್ಯವೆಂದೂ, ಅದಕ್ಕಿಂತ ದೊಡ್ಡದಾದರೆ ಪಾಠ್ಯವು ಅಸ್ಪಷ್ಟವಾಗಿ ನಟರ ಮುಖಭಾವವೂ ಕಾಣದಂತಾಗುವುದೆಂದೂ ಹೇಳಿದೆ. ಹಸ್ತವೆಂದರೆ ಒಂದೂವರೆ ಅಡಿ. ಉದ್ದವು 96 ಅಡಿಯಾಯಿತು. ವಿದ್ಯುತ್ತಿಲ್ಲದ ಕಾಲದಲ್ಲಿ ಬರಿಯ ಕಂಠಕ್ಕೆ ಹಾಕಿದ ಎಲ್ಲೆಯಿದು. ಧ್ವನಿವರ್ಧಕವು ಆ ಎಲ್ಲೆಯನ್ನು ಸ್ವಲ್ಪ ಹಿಗ್ಗಿಸಬೇಕೇ ಹೊರತು ಮೂರು ಮೈಲಿಯಾಚೆಯ ಊರಿನವರ ನಿದ್ರೆಯನ್ನು ಕೆಡಿಸಬೇಕಾಗಿಲ್ಲ.

ಹಾಗಾದರೆ ಹತ್ತು ವಾಟಿನ ಯಂತ್ರವೇ ಸಾಕೇ ಎಂದು ವಾಚಕರು ಕೇಳಬಹುದು. ಸಾಲದು. ಹಾಡು, ಮಾತು, ತಬಲೆಯ ಪೆಟ್ಟು ಇವುಗಳಲ್ಲಿ ಕ್ಷಣಮಾತ್ರ ಏಳುವ ಶಿಖರಗಳು ಸರಾಸರಿಗಿಂತ ಹತ್ತಾರು ಮಡಿ ಎತ್ತರವಾಗಿರುವುವು. ಆ ಶಿಖರಗಳನ್ನು ಕತ್ತರಿಸದೆ ನುಡಿಯಬೇಕಾದರೆ ಯಂತ್ರದಲ್ಲಿ ಅವಕಾಶವಿರಬೇಕು. ಇಂಪಾಗಿ ಕೇಳಿಸುವ ಬಾಕ್ಸುಗಳು ಹಾರ್ನಿಗಿಂತ ಹೆಚ್ಚು ವಾಟನ್ನು ಬೇಡುವುದೂ ನಿಜ. ಆದುದರಿಂದ ಎರಡು ಸಾವಿರ ವಾಟಿನ ಆಂಪ್ಲಿಫೈಯರುಗಳು ಇರಲಿ. ಸಾವಿರ ಜನರ ಬಯಲಿಗೆ ಅದಕ್ಕಿಂತ ಹೆಚ್ಚಿನದು ವ್ಯರ್ಥ. ಶಿಖರಗಳ ನಡುವೆ ಯಂತ್ರವು ವಿಶ್ರಮಿಸುವುದರಿಂದ ಅದು ಕರೆಂಟಿನಿಂದ ಎಳೆದುಕೊಳ್ಳುವ ಸರಾಸರಿ ಶಕ್ತಿಯು ಫಲಕದಲ್ಲಿ ಬರೆದಿರುವ ವಾಟಿನ ಅರ್ಧವೆಂದು ಹಿಡಿದರೆ ನಾಟಕದ ಮಾತಿಗೂ ಹಾಡಿಗೂ ಲೆಕ್ಕವು ಸರಿಹೋಗುವುದು. ಪಟ್ಟಿಯಲ್ಲಿ ನಾವು ಬರೆದ 1000 ಬಂದುದು ಹೀಗೆ. ಡಿ.ಜೆ. ಎಂಬ ಎದೆ ನಡುಗಿಸುವ ಸದ್ದಿಗೆ ಈ ಲೆಕ್ಕವು ಅನ್ವಯಿಸದು. ಅದಕ್ಕೆ ಲೆಕ್ಕವನ್ನು ಹೇಳಿಕೊಡುವ ಇಚ್ಛೆಯೂ ನಮಗಿಲ್ಲ.

ವಾಟುಗಳ ಮೊತ್ತವು ಕೈಗೆ ಬಂದಮೇಲೆ ಜನರೇಟರಿನ ಪ್ರಶ್ನೆ. ಜನರೇಟರನ್ನು ವಾಟಿನಿಂದಲ್ಲದೆ ಕೆ.ವಿ.ಎ. ಎಂಬ ಅಳತೆಯಿಂದ ಮಾರುವರು, ಬಾಡಿಗೆಗೂ ಕೊಡುವರು. ಫ್ಯಾನು, ಆಂಪ್ಲಿಫೈಯರು, ಕೆಲವು ಎಲ್.ಇ.ಡಿ. ದೀಪಗಳು ತಾವು ನಿಜವಾಗಿ ಉಪಯೋಗಿಸುವುದಕ್ಕಿಂತ ಹೆಚ್ಚಿನ ಆಂಪಿಯರನ್ನು ತಂತಿಯಲ್ಲಿ ಓಡಾಡಿಸುವುವು. ಲಗೇಜಿನ ಗಾಡಿಯಲ್ಲಿ ಸಾಮಾನಿನ ಜೊತೆಗೆ ಖಾಲಿ ಪೆಟ್ಟಿಗೆಗಳೂ ಜಾಗವನ್ನು ಹಿಡಿಯುವಂತೆ ಇದು. ಸಾಧಾರಣವಾಗಿ ವಾಟನ್ನು 0.8ರಿಂದ ಭಾಗಿಸಿದರೆ ಬೇಕಾದ ಅಳತೆಯು ಬರುವುದು. 6500ನ್ನು ಹಾಗೆ ಭಾಗಿಸಿದರೆ 8125, ಎಂದರೆ 8.1 ಕೆ.ವಿ.ಎ. ಇದರ ಮೇಲೆ ಕಾಲು ಭಾಗವನ್ನು ಮೀಸಲಾಗಿ ಸೇರಿಸಿದರೆ ಹತ್ತನ್ನು ಸ್ವಲ್ಪ ದಾಟುವುದು. ಆದುದರಿಂದ 15 ಕೆ.ವಿ.ಎ. ಯಂತ್ರವನ್ನು ಕೇಳತಕ್ಕದ್ದು. ಅಂಗಡಿಯವನು “ಯಾವುದಕ್ಕೂ ಇರಲಿ” ಎಂದು 62 ಕೆ.ವಿ.ಎ. ಯಂತ್ರವನ್ನು ತಂದು ನಿಲ್ಲಿಸಿದರೆ ಒಪ್ಪಬಾರದು. ಡೀಸೆಲ್ ಯಂತ್ರವು ಬಹಳ ಹಗುರವಾದ ಭಾರದಲ್ಲಿ ಗಂಟೆಗಟ್ಟಲೆ ಓಡಿದರೆ ಎಣ್ಣೆಯು ಪೂರ್ತಿಯಾಗಿ ಉರಿಯದೆ ಹೊಗೆಯುಗುಳುವುದು, ಬಾಡಿಗೆಯೂ ದಂಡ. ಅರ್ಧದಿಂದ ಮುಕ್ಕಾಲರವರೆಗೆ ಭಾರವಿರುವುದು ಲೇಸು.

ಸಂಜೆ 6ರಿಂದ ಮಧ್ಯರಾತ್ರಿಯವರೆಗೆ ಆರು ಗಂಟೆ. ಆರೂವರೆ ಕಿಲೋವಾಟಿನಂತೆ 39 ಯೂನಿಟ್ಟು. ಇಂತಹ ಸಣ್ಣ ಯಂತ್ರಗಳಿಗೆ ಲೀಟರಿಗೆ ಸುಮಾರು ಮೂರು ಯೂನಿಟ್ಟೆಂದು ಹಿಡಿದರೆ 13 ಲೀಟರು ಡೀಸೆಲು. ಇಪ್ಪತ್ತನ್ನು ತಂದಿಟ್ಟುಕೊಂಡರೆ ಕರ್ಣನ ಅವಸಾನದ ಹೊತ್ತಿಗೆ ಬಂಕಿಗೆ ಬೈಕು ಓಡಿಸಬೇಕಾಗುವುದಿಲ್ಲ. ಓಡುತ್ತಿರುವ ಬಿಸಿ ಯಂತ್ರಕ್ಕೆ ಎಣ್ಣೆ ಸುರಿಯಬಾರದು. ವಿರಾಮದ ಕಾಲದಲ್ಲಿ ನಿಲ್ಲಿಸಿ ತುಂಬತಕ್ಕದ್ದು. ಹೊಗೆಯಲ್ಲಿರುವ ವಿಷವಾಯುವಿಗೆ ವಾಸನೆಯಿಲ್ಲ. ಆದುದರಿಂದ ಯಂತ್ರವನ್ನು ವೇಷದ ಚಪ್ಪರದ ಹಿಂದೆ, ಮಕ್ಕಳು ಮಲಗಿರುವೆಡೆಯ ಹತ್ತಿರ ಇಡಲೇಬಾರದು.

ಮಧ್ಯರಾತ್ರಿ ಎಂದು ನಾವು ಬರೆದುದನ್ನು ನೋಡಿ ಹಿರಿಯರು ಮುಖ ಸಿಂಡರಿಸಬಹುದು. ಕೋಳಿ ಕೂಗುವವರೆಗೆ ನಾಟಕವನ್ನು ನೋಡಿದವರು ನಾವೂ ಹೌದು. ಆದರೆ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಉಪಯೋಗಿಸಕೂಡದು. ಹಬ್ಬ ಮತ್ತು ಸಾಂಸ್ಕೃತಿಕ ಸಮಾರಂಭಗಳಿಗಾಗಿ ಸರಕಾರವು ವರ್ಷದಲ್ಲಿ ಹದಿನೈದು ದಿನಗಳನ್ನು ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಧ್ವನಿವರ್ಧಕವಿರುವ ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಸದ್ದು, ಆ ಪ್ರದೇಶಕ್ಕೆ ಗೊತ್ತಾದ ಮಿತಿಗಿಂತ 10 ಡೆಸಿಬೆಲ್ಲು ಹೆಚ್ಚು ಅಥವಾ 75 ಡೆಸಿಬೆಲ್ಲು, ಇವೆರಡರಲ್ಲಿ ಕಡಮೆಯಾದುದನ್ನು ದಾಟಬಾರದು. ನಮ್ಮ ಊರುಗಳ ನಾಟಕದ ಕಾಲವೇ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕಾಲವೂ ಆಗಿದೆ. ಪಾಠಶಾಲೆಯಲ್ಲಿ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಕಳೆದ ನಾವು, ಪರೀಕ್ಷೆಯ ಹಿಂದಿನ ರಾತ್ರಿ ಕಿವಿಗೆ ಹತ್ತಿ ತುರುಕಿಕೊಂಡು ಓದಿದ ಮಕ್ಕಳ ಕೆಂಪು ಕಣ್ಣುಗಳನ್ನು ಬೆಳಿಗ್ಗೆ ಕಂಡಿದ್ದೇವೆ. ನಾಟಕವು ಬೇಗ ಆರಂಭವಾಗಲಿ. ಸ್ವಾಗತ ಭಾಷಣಗಳನ್ನು ಕಡಿದುಹಾಕಿದರೆ ಒಂದು ಗಂಟೆ ಸುಲಭವಾಗಿ ಉಳಿಯುವುದು.

ಇನ್ನು ತಂತಿಯ ವಿಷಯ. 1902ರಲ್ಲಿ ಶಿವನಸಮುದ್ರದ ಕಾವೇರಿಯ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ದೂರ ವಿದ್ಯುತ್ತನ್ನು ಒಯ್ದರು. 1905ರಲ್ಲಿ ಅದೇ ಶಕ್ತಿಯು ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿತು. ಅಷ್ಟು ದೂರ ಒಯ್ಯಲು ಹತ್ತಾರು ಸಾವಿರ ವೋಲ್ಟುಗಳ ಒತ್ತಡವು ಬೇಕಾಯಿತು. ಒತ್ತಡವು ಕಡಮೆಯಿದ್ದರೆ ಹೆಚ್ಚು ಆಂಪಿಯರು ಹರಿದು ಶಕ್ತಿಯೆಲ್ಲವೂ ದಾರಿಯ ತಂತಿಯಲ್ಲಿಯೇ ಶಾಖವಾಗಿ ಸೋರಿಹೋಗುತ್ತಿತ್ತು. ನಮ್ಮ ನಾಟಕದ ಬಯಲಿನಲ್ಲಿರುವುದು 230 ವೋಲ್ಟು ಮಾತ್ರ. ಆದುದರಿಂದ ನೂರು ಮೀಟರು ಕೂಡ ದೂರವೇ ಸರಿ. ಮನೆಯ ಗೋಡೆಗಳಲ್ಲಿ ಹಾಕುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೇ ಎಳೆದರೆ, ಹೋಗಿಬರುವ ಇನ್ನೂರು ಮೀಟರಿಗೆ ಅದರ ತಡೆಯು ಸುಮಾರು ಒಂದೂವರೆ ಓಮು. 20 ಆಂಪಿಯರು ಹರಿದರೆ 30 ವೋಲ್ಟು ದಾರಿಯಲ್ಲಿಯೇ ನಷ್ಟ. ರಂಗಕ್ಕೆ ತಲಪುವುದು 200. ನಷ್ಟವಾದ 600 ವಾಟು ಎಲ್ಲಿ ಹೋಯಿತು? ಜನರು ಕುಳಿತ ಚಾಪೆಗಳ ಕೆಳಗೆ ತಂತಿಯನ್ನು ಬಿಸಿಮಾಡುತ್ತ ಹೋಯಿತು. ನಾಲ್ಕು ಮಡಿ ದಪ್ಪದ, 10 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟವೂ ಕಾಲು ಭಾಗಕ್ಕೆ ಇಳಿದು ಏಳೆಂಟು ವೋಲ್ಟಾಗುವುದು. ಬಾಡಿಗೆಗೆ ಕೊಡುವವನನ್ನು “ದೀಪ ಎಷ್ಟು?” ಎಂದು ಕೇಳುವ ಸಮಿತಿಯವರು “ಕೇಬಲ್ಲು ಎಷ್ಟು ದಪ್ಪ?” ಎಂದೂ ಕೇಳಬೇಕು. ಮಿಕ್ಕ ಕೇಬಲ್ಲನ್ನು ಸುರುಳಿಯಲ್ಲಿಯೇ ಬಿಟ್ಟರೆ ಶಾಖವು ಹೊರಗೆ ಹೋಗಲಾರದೆ ಮೇಲಿನ ರಬ್ಬರು ಕರಗುವುದು. ಪೂರ್ತಿಯಾಗಿ ಬಿಚ್ಚಿ ಹಾಸಬೇಕು.

8125ನ್ನು 230ರಿಂದ ಭಾಗಿಸಿದರೆ 35 ಆಂಪಿಯರು. ಒಂದೆರಡು ಕಿಲೋವಾಟಿಗೆ ಮಂಜೂರಾದ ಯಾರದೋ ಮನೆಯ ಮೀಟರಿನಿಂದ ಇದನ್ನು ಎಳೆಯಲಾಗದೆಂಬುದು ಇಷ್ಟರಿಂದಲೇ ಸ್ಪಷ್ಟ. ವಿದ್ಯುತ್ ಕಂಪನಿಯ ಕಛೇರಿಗೆ ಮುಂಚಿತವಾಗಿ ಅರ್ಜಿ ಕೊಟ್ಟು ತಾತ್ಕಾಲಿಕ ಸಂಪರ್ಕವನ್ನು ಪಡೆಯಬಹುದು. ಮೂರು ಫೇಸುಗಳಲ್ಲಿ ಹಂಚಿದರೆ ಒಂದೊಂದರಲ್ಲಿ ಸುಮಾರು ಹನ್ನೆರಡೇ ಆಂಪಿಯರು. ರಂಗದ ದೀಪಗಳೆಲ್ಲವೂ ಒಂದರಲ್ಲಿ, 2200 ವಾಟು. ಧ್ವನಿ, ಫ್ಯಾನು, ಸೀರಿಯಲ್ ಸೆಟ್ಟುಗಳು ಇನ್ನೊಂದರಲ್ಲಿ, 1900. ಜನರ ಸ್ಥಳ, ದಾರಿ, ಅಂಗಡಿಗಳು ಮೂರನೆಯದರಲ್ಲಿ, 2400. ಹೀಗಿದ್ದರೆ ಟೀಯವನು ಏನು ಮಾಡಿದರೂ ಕತ್ತಲಾಗುವುದು ಅವನ ಅಂಗಡಿಯ ಕಡೆಯೇ ಹೊರತು ಸರೋವರದ ದಡವಲ್ಲ. ಆದರೆ ಮೂರು ಫೇಸುಗಳಿಗೂ ಸಾಮಾನ್ಯವಾದ ನ್ಯೂಟ್ರಲ್ ತಂತಿಯು ಸಡಿಲವಾಗಿ ಕಳಚಿದರೆ ಕಡಮೆ ಭಾರವಿರುವ ಫೇಸಿನಲ್ಲಿ ಒತ್ತಡವು 230ನ್ನು ಬಹಳವಾಗಿ ಮೀರಿ, ಕ್ಷಣಾರ್ಧದಲ್ಲಿ ಯಂತ್ರಗಳು ಸುಟ್ಟುಹೋಗುವುವು. ಆ ಒಂದು ಜೋಡಣೆಯನ್ನು ಬಿಗಿಮಾಡುವ ಕೆಲಸವನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನಿಗೇ ಒಪ್ಪಿಸಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನಾವು ಹೇಳಬೇಕಾದುದು ಈಗ ಬರುವುದು. ಹಬ್ಬದ ರಾತ್ರಿ ಕರೆಂಟು ಹೋಯಿತೆಂದುಕೊಳ್ಳಿರಿ. ಯಾರೋ ಬುದ್ಧಿವಂತನು ಜನರೇಟರಿನ ತಂತಿಯನ್ನು ತಂದು ದೇವಸ್ಥಾನದ ಗೋಡೆಯ ಪ್ಲಗ್ಗಿಗೇ ಚುಚ್ಚುವನು. ದೀಪಗಳು ಹತ್ತುವುವು, ಎಲ್ಲರೂ ಅವನನ್ನು ಹೊಗಳುವರು. ಮೇನ್ ಸ್ವಿಚ್ಚನ್ನು ತೆಗೆದಿಲ್ಲ. ಜನರೇಟರಿನ ವಿದ್ಯುತ್ತು ಮೀಟರಿನ ಮೂಲಕ ಹಿಂದಕ್ಕೆ ಬೀದಿಯ ತಂತಿಗೆ, ಅಲ್ಲಿಂದ ಟ್ರಾನ್ಸ್‌ಫಾರ್ಮರಿಗೆ ಹರಿಯುವುದು. ಹನ್ನೊಂದು ಸಾವಿರ ವೋಲ್ಟನ್ನು ಇಳಿಸಿ ಊರಿಗೆ ಕೊಡುವ ಆ ಯಂತ್ರವು ಹಿಂದಿನಿಂದ ಬಂದುದನ್ನು ಅಷ್ಟೇ ನಿಷ್ಠೆಯಿಂದ ಹನ್ನೊಂದು ಸಾವಿರಕ್ಕೆ ಏರಿಸಿ ಆಚೆಗೆ ಕಳುಹಿಸುವುದು. ಎರಡು ಮೈಲಿಯಾಚೆ, ನಮ್ಮ ಹಬ್ಬಕ್ಕೆ ಬೇಗ ಕರೆಂಟು ಕೊಡಬೇಕೆಂದು ಲೈನನ್ನು ನಿಲ್ಲಿಸಿಕೊಂಡು ಕಂಬವನ್ನು ಹತ್ತಿರುವ ಲೈನ್‌ಮನ್ನನು, ಸತ್ತ ತಂತಿಯೆಂದು ನಂಬಿ ಅದರ ಮೇಲೆ ಕೈಯಿಡುವನು. ಅವನಿಗೂ ಮನೆಯಲ್ಲಿ ಹಬ್ಬದ ಅಡಿಗೆಯು ಕಾದಿರುವುದು. ಇದನ್ನು ತಪ್ಪಿಸುವ ಸಾಧನವು ಚೇಂಜ್‌ಓವರ್ ಸ್ವಿಚ್ಚು. ಒಂದೋ ಬೀದಿಯ ಕರೆಂಟು, ಇಲ್ಲವೇ ಜನರೇಟರು. ಎರಡನ್ನೂ ಏಕಕಾಲದಲ್ಲಿ ಸೇರಿಸಲು ಅದು ಬಿಡುವುದಿಲ್ಲ. ಅದಿಲ್ಲದಿದ್ದರೆ ಜನರೇಟರಿನ ತಂತಿಗಳನ್ನು ಊರಿನ ಯಾವ ಗೋಡೆಗೂ ಮುಟ್ಟಿಸದೆ ಬೇರೆಯಾಗಿಯೇ ಇಡಬೇಕು. ಎರಡು ತುದಿಯಲ್ಲಿಯೂ ಮೊಳೆಗಳಿರುವ ಪ್ಲಗ್ಗಿನ ವೈರನ್ನು ಕಂಡಕೂಡಲೆ ಕತ್ತರಿಸಿ ಎಸೆಯತಕ್ಕದ್ದು.

ರಂಗದ ಮುಂದಿನ ಚಿಕ್ಕ ಮಕ್ಕಳ ಸಾಲಿಗಾಗಿ ಇನ್ನೊಂದು ಸಾಧನವು ಬೇಕು. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂದು ಅದನ್ನು ಕೇಳಿ ತರಬೇಕು. ಹೋದ ವಿದ್ಯುತ್ತು ಪೂರ್ತಿಯಾಗಿ ಹಿಂದಕ್ಕೆ ಬಾರದೆ ಯಾರದೋ ಶರೀರದ ಮೂಲಕ ಭೂಮಿಗೆ ಸೋರುತ್ತಿದೆಯೆಂದು ಕಂಡಕೂಡಲೆ ಅದು ತಾನಾಗಿಯೇ ಕಡಿದುಹಾಕುವುದು. ಫ್ಯೂಸು ತಂತಿಯನ್ನು ಕಾಯುವುದು, ಇದು ಮನುಷ್ಯನನ್ನು ಕಾಯುವುದು. ಜನರೇಟರಿನ ಶರೀರವನ್ನೂ ನ್ಯೂಟ್ರಲನ್ನೂ ಭೂಮಿಗೆ ಸೇರಿಸದಿದ್ದರೆ ಮಾತ್ರ ಈ ಕಾವಲುಗಾರನು ಇದ್ದೂ ಇಲ್ಲದಂತೆ. ನೆಟ್ಟ ಅರ್ತಿನ ಸರಳಿನ ಸುತ್ತಲೂ ಸಂಜೆಯೇ ಎರಡು ಕೊಡ ನೀರು ಹಾಕಿಸುವುದು ಒಳ್ಳೆಯದು. ಯುಗಾದಿಯ ಆಚೆಯ ದಿನಗಳಲ್ಲಿ ಮೋಡವು ಹೇಳದೆ ಕೇಳದೆ ಕಟ್ಟುವುದರಿಂದ ಜೋಡಣೆಗಳಾವುವೂ ನೆಲದ ಮೇಲೆ ಬಿದ್ದಿರಬಾರದು; ಸೀರಿಯಲ್ ಸೆಟ್ಟುಗಳನ್ನು ಕಬ್ಬಿಣದ ಕಂಬಗಳಿಗೆ ಬಿಗಿಯದೆ ಒಣಗಿದ ಬಿದಿರಿಗೆ ಕಟ್ಟಬೇಕು. ಬೀದಿಯ ತಂತಿಗಳ ಕೆಳಗೆ ಚಪ್ಪರ ಹಾಕಲೇಬಾರದು.

ನಾಟಕವು ಮುಗಿದು ಮಂಗಳಾರತಿಯಾದಮೇಲೆ ಮೊದಲು ಆಂಪ್ಲಿಫೈಯರುಗಳ ಧ್ವನಿಯನ್ನು ಇಳಿಸಿ ಆರಿಸುವುದು, ಬಳಿಕ ರಂಗದ ದೀಪಗಳು, ಆಮೇಲೆ ಅಂಗಡಿಗಳು. ಭಾರವೆಲ್ಲವೂ ಇಳಿದಮೇಲೆಯೂ ಯಂತ್ರವನ್ನು ಕೂಡಲೆ ನಿಲ್ಲಿಸಲು ಬಿಡಬಾರದು. ದಾರಿಯ ನಲವತ್ತು ಟ್ಯೂಬುಗಳಿಗೆ ಬೇಕಾಗುವುದು ಬರಿಯ 800 ವಾಟು. ನಿದ್ರೆಹೋದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡ ತಾಯಂದಿರೂ ಕೋಲೂರಿ ನಡೆಯುವ ಅಜ್ಜಿಯರೂ ಊರನ್ನು ಸೇರುವವರೆಗೆ ಅರ್ಧ ಗಂಟೆ ಅವು ಉರಿಯುತ್ತಿರಲಿ. ಅರ್ಧ ಲೀಟರೂ ಹೆಚ್ಚು ಖರ್ಚಾಗದು.